ಸೋಲಾರ್ ಹಾಕಿಸಿದ ಮೇಲೆ ಕರೆಂಟ್ ಬಿಲ್ ಏರಿದೆ: ಬಿಸಿನೀರು ಎಲ್ಲಿ ಹೋಗುತ್ತಿದೆ?

ಮೈಸೂರು ಗೃಹಸ್ಥ

ಮೈಸೂರಿನಲ್ಲಿ ನಮ್ಮದು ನಾಲ್ಕು ಜನರ ಸಂಸಾರ. ಎರಡು ಮಹಡಿಯ ಮನೆ, ಮೂರು ಬಚ್ಚಲುಮನೆಗಳು. ಕಳೆದ ವರ್ಷ ತಾರಸಿಯ ಮೇಲೆ 200 ಲೀಟರಿನ, ಗಾಜಿನ ಕೊಳವೆಗಳ ಸೋಲಾರ್ ವಾಟರ್ ಹೀಟರ್ ಹಾಕಿಸಿದೆವು. ಮೋಡದ ದಿನಗಳಿಗೆಂದು ಅದರ ಟ್ಯಾಂಕಿನೊಳಗೇ 2 ಕಿಲೋವ್ಯಾಟ್‌ನ ಕಾಯಿಲ್ ಕೂರಿಸಿದ್ದಾರೆ. ಅದಕ್ಕೂ ಮುಂಚೆ ಬಚ್ಚಲಿಗೊಂದರಂತೆ 15 ಲೀಟರಿನ ಗೀಸರ್ ಬಳಸುತ್ತಿದ್ದಾಗ ತಿಂಗಳಿಗೆ ಸುಮಾರು 140 ಯೂನಿಟ್ ಖರ್ಚಾಗುತ್ತಿತ್ತು. ಸೋಲಾರ್ ಬಂದ ಮೇಲೆ ಇದು ಅರ್ಧಕ್ಕೆ ಇಳಿಯಬಹುದೆಂದು ನಂಬಿದ್ದೆವು. ಡಿಸೆಂಬರ್ ಬಿಲ್ಲಿನಲ್ಲಿ 185 ಯೂನಿಟ್ ಬಂದಿದೆ. ಗೃಹಜ್ಯೋತಿಯಲ್ಲಿ ನಮಗಿರುವ ಮಿತಿಯನ್ನು ದಾಟಿರುವುದರಿಂದ ಹೆಚ್ಚುವರಿ ಯೂನಿಟ್‌ಗಳಿಗೆ ಹಣ ಕಟ್ಟುತ್ತಿದ್ದೇವೆ. ಇದು ಹೀಗೆಯೇ ಏರಿ 200 ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕಾಗುತ್ತದೆ.

ಬೆಳಗಿನ ಹೊತ್ತು ಸೋಲಾರ್ ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರು ಮಾತ್ರ ಬರುತ್ತದೆ. ಹಾಗಾಗಿ ಮನೆಯವರು ನಾಲ್ಕೂವರೆಗೆ ಎದ್ದು ಕಾಯಿಲ್ ಹಾಕಿ ಆರೂವರೆಗೆ ಆರಿಸುತ್ತಾರೆ. ಹಾಕಿಕೊಟ್ಟವರನ್ನು ಕರೆಸಿ ಕೇಳಿದೆ. ಚಳಿಗಾಲದಲ್ಲಿ ಬಿಸಿಲಿಗೆ ಶಕ್ತಿ ಕಡಿಮೆ, 300 ಲೀಟರಿನದ್ದು ಹಾಕಿಸಿಕೊಳ್ಳಿ ಎಂದರು. ಹಣ ಖರ್ಚು ಮಾಡುವ ಮೊದಲು ತಿಳಿದವರ ಅಭಿಪ್ರಾಯ ಕೇಳೋಣವೆಂದು ಬರೆಯುತ್ತಿದ್ದೇನೆ.

ನಿವೃತ್ತ ವಿದ್ಯುತ್ ಎಂಜಿನಿಯರ್

ದಯವಿಟ್ಟು 300 ಲೀಟರಿನದ್ದನ್ನು ಕೊಳ್ಳಬೇಡಿ. ಮೊದಲು ಲೆಕ್ಕ ನೋಡೋಣ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 1.163 ವ್ಯಾಟ್-ಗಂಟೆ ಬೇಕು (ಸಾವಿರ ವ್ಯಾಟ್-ಗಂಟೆ ಸೇರಿದರೆ ಒಂದು ಯೂನಿಟ್). ಬಿಸಿನೀರಿನ ಎಲ್ಲ ಲೆಕ್ಕವೂ ಈ ಒಂದು ಅಂಕಿಯಿಂದ ಹೊರಡುತ್ತದೆ. ಒಬ್ಬರು ಸ್ನಾನಕ್ಕೆ 42 ಡಿಗ್ರಿಯ 20 ಲೀಟರ್ ನೀರು ಬಳಸುತ್ತಾರೆ, ನಲ್ಲಿಯ ತಣ್ಣೀರು 22 ಡಿಗ್ರಿಯಲ್ಲಿದೆ ಎಂದಿಟ್ಟುಕೊಂಡರೆ ಅವರಿಗೆ ಬೇಕಾಗುವುದು ಅರ್ಧ ಯೂನಿಟ್‌ಗಿಂತ ಕಡಿಮೆ ಶಾಖ. ನಾಲ್ವರಿಗೂ ಸೇರಿ ಎರಡು ಯೂನಿಟ್ ಸಾಕು. ನೀವು ದಿನವೂ ಎರಡು ಗಂಟೆ ಕಾಯಿಲ್ ಉರಿಸಿ ನಾಲ್ಕು ಯೂನಿಟ್ ಸುಡುತ್ತಿದ್ದೀರಿ, ತಿಂಗಳಿಗೆ 120. ಅಂದರೆ ಬಿಸಿಲಿನ ಕೊಡುಗೆಯನ್ನು ಪೂರ್ತಿ ಬಿಟ್ಟು ನೋಡಿದರೂ ಸ್ನಾನಕ್ಕೆ ಬೇಕಾದ್ದರ ಎರಡರಷ್ಟನ್ನು ಕರೆಂಟೊಂದರಿಂದಲೇ ಕೊಡುತ್ತಿದ್ದೀರಿ, ಮತ್ತು ಅಷ್ಟಾದರೂ ಅದು ಸಾಲುತ್ತಿಲ್ಲ. ಹಾಗಾದರೆ ಶಾಖ ಎಲ್ಲೋ ಸೋರುತ್ತಿದೆ. ತಳದಲ್ಲಿ ತೂತಿರುವ ಕೊಡದ ಬದಲಿಗೆ ಇನ್ನೂ ದೊಡ್ಡ ಕೊಡ ತಂದರೆ ಪ್ರಯೋಜನವಿಲ್ಲ.

ಚಳಿಗಾಲದ ಬಗ್ಗೆ ಅವರು ಹೇಳಿದ್ದೂ ನಮ್ಮ ಕಡೆಗೆ ಹೊಂದುವ ಮಾತಲ್ಲ. ಮೈಸೂರು 12 ಡಿಗ್ರಿ ಚಿಲ್ಲರೆ ಅಕ್ಷಾಂಶದಲ್ಲಿದೆ. ಇಲ್ಲಿ ಡಿಸೆಂಬರ್, ಜನವರಿಯ ಆಕಾಶ ಸ್ವಚ್ಛವಾಗಿರುತ್ತದೆ, ಮತ್ತು ದಕ್ಷಿಣಕ್ಕೆ ಮುಖ ಮಾಡಿ 25 ಡಿಗ್ರಿಯ ಆಸುಪಾಸಿನಲ್ಲಿ ಓರೆಯಾಗಿ ಕೂರಿಸಿದ ಸಂಗ್ರಾಹಕಕ್ಕೆ (ಬಿಸಿಲು ಹೀರಿ ನೀರು ಕಾಯಿಸುವ ಭಾಗಕ್ಕೆ) ಆಗ ತಗ್ಗಿನಲ್ಲಿ ಚಲಿಸುವ ಸೂರ್ಯನ ಬಿಸಿಲು ಚೆನ್ನಾಗಿಯೇ ಬೀಳುತ್ತದೆ. ನಮ್ಮಲ್ಲಿ ಸೋಲಾರ್ ಸೊರಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡದಲ್ಲಿ, ಚಳಿಗಾಲದಲ್ಲಿ ಅಲ್ಲ.

ಪ್ಲಂಬಿಂಗ್ ಕಸುಬಿನವನು

ಎಂಜಿನಿಯರ್ ಅವರು ಹೇಳಿದ ಸೋರಿಕೆ ಕಣ್ಣಿಗೆ ಕಾಣುವಂಥದ್ದಾಗಿರಲಿಕ್ಕಿಲ್ಲ. ಮೂರು ಪ್ರಶ್ನೆಗಳಿಗೆ ಉತ್ತರ ಕೊಡಿ. ತಣ್ಣೀರಿನ ಲೈನಿಗೆ ಪ್ರೆಷರ್ ಪಂಪ್ ಹಾಕಿಸಿದ್ದೀರಾ? ಯಾವುದಾದರೂ ಬಚ್ಚಲಿನಲ್ಲಿ ಹಿಡಿಯಲ್ಲೇ ಗುಂಡಿ ಇರುವ ಕೈಶವರ್ ಇದೆಯೇ? ಸೋಲಾರ್ ಟ್ಯಾಂಕಿನ ಮೇಲೆ ನೆಟ್ಟಗೆ ನಿಂತಿರುವ ಗಾಳಿಕೊಳವೆಯ ಬುಡದಲ್ಲಿ ಬೆಳಗ್ಗೆ ತೇವ ಇರುತ್ತದೆಯೇ?

ಉತ್ತರ ಬರುವುದರೊಳಗೆ ಒಂದು ಪರೀಕ್ಷೆ ಮಾಡಬಹುದು. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ 100 ಡಿಗ್ರಿವರೆಗಿನ ಉದ್ದನೆಯ ಥರ್ಮಾಮೀಟರ್ ಸಿಗುತ್ತದೆ. ಸಂಜೆ ಆರು ಗಂಟೆಗೆ, ಸ್ನಾನವೆಲ್ಲ ಮುಗಿದು ಇನ್ನು ಬಿಸಿನೀರು ಬೇಡವೆಂದಾದ ಮೇಲೆ, ಟ್ಯಾಂಕಿನ ಬಳಿ ಬಿಸಿನೀರಿನ ಪೈಪಿಗಿರುವ ನಲ್ಲಿಯಿಂದ ಒಂದು ಚೊಂಬು ನೀರು ಬಿಟ್ಟು, ಮುಂದಿನ ಚೊಂಬಿನ ಬಿಸಿ ಅಳೆದು ಬರೆದಿಡಿ. ಮರುದಿನ ಬೆಳಗ್ಗೆ ಆರಕ್ಕೆ, ಕಾಯಿಲ್ ಹಾಕದೆ, ಅದೇ ರೀತಿ ಅಳೆಯಿರಿ. ಎರಡನೆಯ ರಾತ್ರಿ ಟ್ಯಾಂಕಿನಿಂದ ಕೆಳಗಿಳಿಯುವ ಬಿಸಿನೀರಿನ ವಾಲ್ವನ್ನು ಪೂರ್ತಿ ಮುಚ್ಚಿ ಮತ್ತೆ ಅಳೆಯಿರಿ. ಗಾಳಿಕೊಳವೆಯನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ. ಬಿಸಿಯಾದ ನೀರು ಹಿಗ್ಗಿದಾಗ ಹೊರಬರಲೆಂದೇ ಅದನ್ನು ಇಟ್ಟಿರುವುದು.

ತೀರ್ಥಹಳ್ಳಿ ಅಡಿಕೆ ಬೆಳೆಗಾರ

ಈ ಚರ್ಚೆ ಓದುತ್ತಿದ್ದಂತೆ ನಮ್ಮ ಬಚ್ಚಲ ಹಂಡೆಯ ಬಗ್ಗೆ ಬರೆಯಬೇಕೆನ್ನಿಸಿತು. ಶಾಖವನ್ನು ಹಿಡಿದಿಡುವ ವಿಷಯದಲ್ಲಿ ಅದು ಕಲಿಸುವುದು ಬಹಳ ಇದೆ. ಮಣ್ಣಿನ ಕಟ್ಟೆಯೊಳಗೆ ಕುತ್ತಿಗೆಯವರೆಗೆ ಹುಗಿದ ತಾಮ್ರದ ಹಂಡೆ ನಮ್ಮದು. ಒಲೆಯ ಬಾಯಿ ಮಾತ್ರ ಆಚೆ ಕಡೆಗಿದೆ. ಸಂಜೆ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಹಾಕಿ ಒಂದು ಸಲ ಚೆನ್ನಾಗಿ ಉರಿಸಿ, ಕೆಂಡದ ಮೇಲೆ ಬೂದಿ ಎಳೆದು, ಹಂಡೆಯ ಬಾಯಿಗೆ ಮರದ ಮುಚ್ಚಳ ಇಟ್ಟರೆ, ಬೆಳಗಿನ ಜಾವ ಕೈ ಅದ್ದಲಾರದಷ್ಟು ಬಿಸಿ ಇರುತ್ತದೆ. ಮುಚ್ಚಳ ಮರೆತ ದಿನ ಅದೇ ಉರಿ, ಅದೇ ಹಂಡೆ, ಆದರೆ ನೀರು ಬರೀ ಬೆಚ್ಚಗೆ. ಸುತ್ತಲ ಮಣ್ಣು, ಮೇಲಿನ ಮುಚ್ಚಳ, ಅಡಿಯ ಬೂದಿ ಈ ಮೂರರಲ್ಲಿ ಒಂದು ತಪ್ಪಿದರೂ ರಾತ್ರಿಯಿಡೀ ಶಾಖ ಜಾರಿಹೋಗುತ್ತದೆ.

ಹಳೆಯ ಒಲೆಯಲ್ಲಿ ಉರಿಯ ಬಹುಪಾಲು ಹೊಗೆಯೊಂದಿಗೆ ಹೋಗುತ್ತಿತ್ತು, ಹೆಂಗಸರ ಕಣ್ಣುಗಳೂ ಅದಕ್ಕೆ ಬೆಲೆ ತೆತ್ತವು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ ಕಟ್ಟಿದ ಅಸ್ತ್ರ ಕೇಂದ್ರದಿಂದ ಬಂದ ಒಲೆಗಳು ಈ ಕಡೆಯೂ ಹಬ್ಬಿದವು. ಕಬ್ಬಿಣದ ಜಾಲರಿಯ ಮೇಲೆ ಸೌದೆ, ಅಡಿಯಿಂದ ಗಾಳಿ, ಪಾತ್ರೆಯ ಮೈಗೆ ತಾಗಿಕೊಂಡೇ ಹೊಗೆ ಸುತ್ತಿ ಕೊಳವೆಯಿಂದ ಹೊರಗೆ ಹೋಗುವ ದಾರಿ, ಇಷ್ಟರಲ್ಲೇ ಅದರ ಮರ್ಮ. ನಮ್ಮ ಬಚ್ಚಲ ಒಲೆಗೂ ಜಾಲರಿ ಮತ್ತು ಹೊಗೆಕೊಳವೆ ಹಾಕಿಸಿದ ಮೇಲೆ ಅದೇ ನೀರಿಗೆ ಕಡಿಮೆ ಸೌದೆ ಸಾಕಾಗುತ್ತಿದೆ.

ಸೋಲಾರ್ ನಮ್ಮಲ್ಲೂ ಇದೆ. ಆದರೆ ಆಷಾಢ, ಶ್ರಾವಣದಲ್ಲಿ ಸೂರ್ಯನ ಮುಖ ಕಾಣದ ಊರಿನಲ್ಲಿ ಅದನ್ನೇ ನಂಬಿ ಕೂರಲಾಗುವುದಿಲ್ಲ. ಆದ್ದರಿಂದ ಸೋಲಾರ್ ಪೈಪಿನ ಒಂದು ಕವಲನ್ನು ಹಂಡೆಯ ಮೇಲಕ್ಕೇ ತಂದಿದ್ದೇವೆ. ಮಳೆಗಾಲದಲ್ಲಿ ಅರೆಬಿಸಿಯಾದ ನೀರು ಬಂದರೂ ಹಂಡೆಗೆ ಅಷ್ಟು ಉರಿ ಉಳಿಯಿತು.

ಮೈಸೂರು ಗೃಹಸ್ಥ

ಪರೀಕ್ಷೆ ಮಾಡಿದೆ. ಮೊದಲ ಸಂಜೆ 58 ಡಿಗ್ರಿ ಇದ್ದದ್ದು ಬೆಳಗ್ಗೆ 36ಕ್ಕೆ ಇಳಿದಿತ್ತು. ಎರಡನೆಯ ರಾತ್ರಿ ವಾಲ್ವ್ ಮುಚ್ಚಿದಾಗ 58 ಇದ್ದದ್ದು 53ರಲ್ಲಿ ನಿಂತಿತ್ತು. ಅದನ್ನು ನೋಡಿದಾಗ ನನಗೆ ಆದ ಸಮಾಧಾನವನ್ನು ಹೇಳಲಾರೆ. ಟ್ಯಾಂಕಿನಲ್ಲಿ ದೋಷವಿಲ್ಲ, ಬಿಸಿಲಿನಲ್ಲೂ ಇಲ್ಲ.

ಪ್ರಶ್ನೆಗಳಿಗೆ ಉತ್ತರ: ಪ್ರೆಷರ್ ಪಂಪ್ ಇದೆ, ತಣ್ಣೀರಿಗೆ ಮಾತ್ರ. ಮಹಡಿಯ ಮೇಲಿನ ಬಚ್ಚಲಿನಲ್ಲಿ ಗುಂಡಿಯ ಕೈಶವರ್ ಇದೆ. ಗಾಳಿಕೊಳವೆಯ ಬುಡದಲ್ಲಿ ಅಂಗೈ ಅಗಲದಷ್ಟು ಪಾಚಿ ಬೆಳೆದಿದೆ, ಅದರ ಅಂಚಿನಲ್ಲಿ ಸುಣ್ಣದ ಬಿಳಿ ಗೆರೆ. ಅದನ್ನು ಮಳೆನೀರಿನ ಗುರುತೆಂದು ಇಷ್ಟು ದಿನ ಸುಮ್ಮನಿದ್ದೆ.

ಪ್ಲಂಬಿಂಗ್ ಕಸುಬಿನವನು

ಪಾಚಿಯೇ ಎಲ್ಲವನ್ನೂ ಹೇಳಿತು. ನಿಮ್ಮ ಮನೆಯಲ್ಲಿ ಯಾರೋ ಸ್ನಾನ ಮುಗಿಸಿ ಕೈಶವರಿನ ಗುಂಡಿಯನ್ನು ಮಾತ್ರ ಒತ್ತಿ ನೀರು ನಿಲ್ಲಿಸುತ್ತಾರೆ. ಗೋಡೆಯ ಮಿಕ್ಸರಿನ ಬಿಸಿ, ತಣ್ಣೀರು ಎರಡು ಹಿಡಿಗಳೂ ತೆರೆದೇ ಇರುತ್ತವೆ. ಆಗ ಹೊರಗೆ ಹನಿ ನೀರೂ ಬೀಳದು, ಆದರೆ ಮಿಕ್ಸರಿನ ಹೊಟ್ಟೆಯೊಳಗೆ ಎರಡು ಲೈನುಗಳೂ ಕೂಡಿಕೊಂಡಿರುತ್ತವೆ. ಪಂಪಿನ ಒತ್ತಡವಿರುವ ತಣ್ಣೀರು, ಒತ್ತಡವಿಲ್ಲದ ಬಿಸಿನೀರಿನ ಪೈಪಿನೊಳಗೆ ನುಗ್ಗಿ, ತಾರಸಿಯವರೆಗೂ ಹಿಂದಕ್ಕೆ ಏರಿ, ಸೋಲಾರ್ ಟ್ಯಾಂಕಿಗೆ ಸೇರುತ್ತದೆ. ಅಲ್ಲಿದ್ದ ಬಿಸಿನೀರು ಒಂದಿಷ್ಟು ಗಾಳಿಕೊಳವೆಯಿಂದ ಹೊರಚೆಲ್ಲುತ್ತದೆ, ಒಂದಿಷ್ಟು ತಣ್ಣೀರಿನ ಪೈಪಿನ ಮೂಲಕ ಮೇಲಿನ ಸಿಂಟೆಕ್ಸ್ ಟ್ಯಾಂಕಿಗೆ ಹಿಮ್ಮೆಟ್ಟುತ್ತದೆ. ಬೆಳಗ್ಗೆ ಯಾವತ್ತಾದರೂ ತಣ್ಣೀರಿನ ನಲ್ಲಿಯಲ್ಲಿ ಬೆಚ್ಚಗಿನ ನೀರು ಬಂದದ್ದಿದ್ದರೆ ಅದು ಇದರಿಂದಲೇ. ನಾನು ನೋಡಿದ ಮನೆಗಳಲ್ಲಿ ‘ಸೋಲಾರ್ ಕೆಲಸ ಮಾಡುತ್ತಿಲ್ಲ’ ಎಂಬ ದೂರಿನ ಹಿಂದೆ ಮತ್ತೆ ಮತ್ತೆ ಕಂಡದ್ದು ಇದೇ.

ಪರಿಹಾರಕ್ಕೆ ಹೆಚ್ಚು ಖರ್ಚಿಲ್ಲ. ಆ ಬಚ್ಚಲಿಗೆ ಹೋಗುವ ಬಿಸಿನೀರಿನ ಕವಲಿಗೆ, ಮಿಕ್ಸರಿನ ಹಿಂದೆ, ನೀರನ್ನು ಒಂದೇ ದಿಕ್ಕಿಗೆ ಬಿಡುವ ಒಂದು ನಾನ್-ರಿಟರ್ನ್ ವಾಲ್ವ್ ಹಾಕಿಸಿ. ಅದರ ಮೇಲಿರುವ ಬಾಣದ ಗುರುತು ನೀರು ಹರಿಯುವ ದಿಕ್ಕಿಗೇ ಇರುವಂತೆ ನೀವೇ ನಿಂತು ನೋಡಿ. ಸೋಲಾರ್ ಟ್ಯಾಂಕಿಗೆ ಬರುವ ತಣ್ಣೀರಿನ ಪೈಪಿಗೂ ಒಂದು ಇರಬೇಕು. ಅದಕ್ಕಿಂತ ಮುಖ್ಯವಾಗಿ, ಸ್ನಾನವಾದ ಮೇಲೆ ಗೋಡೆಯ ಹಿಡಿಗಳನ್ನೇ ಮುಚ್ಚುವ ಅಭ್ಯಾಸವನ್ನು ಮನೆಯವರೆಲ್ಲ ಮಾಡಿಕೊಳ್ಳಲಿ.

ಇನ್ನೊಂದು ವಿಷಯ. ತಾರಸಿಯಿಂದ ಕೆಳಗಿನ ಬಚ್ಚಲಿನವರೆಗೆ ಪೈಪು ಎಷ್ಟು ಉದ್ದವಿದೆ ನೋಡಿ. ಮುಕ್ಕಾಲು ಇಂಚಿನ ಸಿಪಿವಿಸಿ ಪ್ಲಾಸ್ಟಿಕ್ ಪೈಪಿನಲ್ಲಿ ಮೀಟರಿಗೆ ಕಾಲು ಲೀಟರ್ ನೀರು ನಿಂತಿರುತ್ತದೆ. 18 ಮೀಟರ್ ಇದ್ದರೆ ಬಿಸಿನೀರು ಬರುವ ಮೊದಲು ನಾಲ್ಕೂವರೆ ಲೀಟರ್ ತಣ್ಣೀರು ಹೊರಗೆ ಹೋಗಬೇಕು. ಮೂವರು ಒಬ್ಬರ ಹಿಂದೊಬ್ಬರು ಸ್ನಾನ ಮಾಡಿದರೆ ಈ ನಷ್ಟ ಒಂದೇ ಸಲ. ಗಂಟೆಗೊಬ್ಬರಂತೆ ಮಾಡಿದರೆ ಮೂರು ಸಲ, ಪ್ರತಿ ಸಲವೂ ಪೈಪಿನಲ್ಲಿ ಉಳಿದ ಬಿಸಿನೀರು ಗೋಡೆಯೊಳಗೇ ಆರುತ್ತದೆ. ತಾರಸಿಯ ಮೇಲೆ ತೆರೆದಿರುವ ಪೈಪಿಗಾದರೂ ಕಪ್ಪು ಫೋಮಿನ ತೋಳು ತೊಡಿಸಿ, ಅದರ ಮೇಲೆ ಬಿಸಿಲು ತಡೆಯುವ ಟೇಪ್ ಸುತ್ತಿಸಿ. ಟೇಪಿಲ್ಲದ ಫೋಮು ಎರಡು ಬೇಸಿಗೆಯಲ್ಲಿ ಪುಡಿಯಾಗಿ ಉದುರುತ್ತದೆ.

ಕೋಲಾರದ ಶಿಕ್ಷಕಿ

ನಮ್ಮ ಕಡೆಯ ಕಷ್ಟ ಬೇರೆ. ನಮ್ಮದು ಬೋರ್‌ವೆಲ್ ನೀರು. ಸೋಲಾರ್ ಹಾಕಿಸಿದ ಮೊದಲ ವರ್ಷ ಬಹಳ ಚೆನ್ನಾಗಿತ್ತು. ಮೂರನೆಯ ವರ್ಷಕ್ಕೆ ಬಿಸಿಯೂ ಕಡಿಮೆ, ನಲ್ಲಿಯಲ್ಲಿ ಧಾರೆಯೂ ಸಣ್ಣ. ಬಿಚ್ಚಿಸಿ ನೋಡಿದಾಗ ತಾಮ್ರದ ಕೊಳವೆಗಳೊಳಗೆ ಬಿಳಿಯ ಕಲ್ಲು ಕಟ್ಟಿಕೊಂಡು ಪೆನ್ಸಿಲ್ ತೂರುವಷ್ಟು ಮಾತ್ರ ಜಾಗ ಉಳಿದಿತ್ತು. ಇದಕ್ಕೆ ಏನು ಮಾಡಬೇಕು?

ನಿವೃತ್ತ ವಿದ್ಯುತ್ ಎಂಜಿನಿಯರ್

ಗಡಸು ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ಬಿಸಿಯಾದಷ್ಟೂ ಕರಗಿರಲಾರದೆ ಕಲ್ಲಾಗಿ ಕೂರುತ್ತದೆ, ಅದೂ ಎಲ್ಲಕ್ಕಿಂತ ಬಿಸಿಯಾದ ಜಾಗದಲ್ಲೇ. ಅಂದರೆ ಶಾಖ ನೀರಿಗೆ ದಾಟಬೇಕಾದ ಕಡೆಯಲ್ಲೇ ಶಾಖ ತಡೆಯುವ ಪದರ ಬೆಳೆಯುತ್ತದೆ. ನಿಮ್ಮಲ್ಲಿರುವಂಥ ಚಪ್ಪಟೆ ತಟ್ಟೆಯ ಸಂಗ್ರಾಹಕದ ಸಣ್ಣ ತಾಮ್ರದ ಕೊಳವೆಗಳು ಇದಕ್ಕೆ ಬೇಗ ತುತ್ತಾಗುತ್ತವೆ. ಅಗಲವಾದ ಗಾಜಿನ ಕೊಳವೆಗಳಲ್ಲೂ ಸುಣ್ಣ ಕೂರುತ್ತದೆ, ಆದರೆ ಅವನ್ನು ಕಳಚಿ ತೊಳೆಯುವುದು ಸುಲಭ. ಗಡಸು ನೀರಿನ ಊರುಗಳಿಗೆ ಶಾಖ ವಿನಿಮಯದ ಮಾದರಿ ಉಂಟು. ಅದರಲ್ಲಿ ಸಂಗ್ರಾಹಕದೊಳಗೆ ಸುತ್ತುವ ನೀರು ಬೇರೆ, ನೀವು ಬಳಸುವ ನೀರು ಬೇರೆ. ಬೆಲೆ ಹೆಚ್ಚು, ಆದರೆ ಕೋಲಾರದಂಥ ಕಡೆ ಅದು ದುಬಾರಿಯೆಂದು ನನಗೆ ಅನ್ನಿಸುವುದಿಲ್ಲ. ಈಗಿರುವುದನ್ನೇ ಉಳಿಸಿಕೊಳ್ಳುವುದಾದರೆ ತಿಳಿದವರಿಂದ ಆಮ್ಲದ ದ್ರಾವಣ ಹರಿಸಿ ವರ್ಷಕ್ಕೊಮ್ಮೆ ತೊಳೆಸಬೇಕು.

ಗೀಸರಿಗೂ ಇದೇ ಮಾತು. ಅದರೊಳಗೆ ಮೆಗ್ನೀಷಿಯಂ ದಂಡವೊಂದಿದೆ. ಟ್ಯಾಂಕಿನ ಉಕ್ಕು ತುಕ್ಕು ಹಿಡಿಯುವ ಬದಲು ತಾನೇ ಸವೆಯಲೆಂದು ಇಟ್ಟದ್ದು. ಗಡಸು ನೀರಿನಲ್ಲಿ ಅದನ್ನು ವರ್ಷಕ್ಕೊಮ್ಮೆ ತೆಗೆಸಿ ನೋಡಬೇಕು. ಸರ್ವಿಸಿಗೆ ಬಂದವರು ತಾವಾಗಿ ಅದರ ಸುದ್ದಿ ಎತ್ತುವುದಿಲ್ಲ, ನೀವೇ ಕೇಳಬೇಕು.

ತೀರ್ಥಹಳ್ಳಿ ಅಡಿಕೆ ಬೆಳೆಗಾರ

ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ಕಿತ್ತು ತೆಗೆದು, ಹುಣಸೆಹುಳಿ ಹಾಕಿ ಒಳಗೂ ಹೊರಗೂ ತಿಕ್ಕಿ, ಸುಣ್ಣದ ಗೆರೆ ಎಳೆದು, ಹೊಸ ನೀರು ತುಂಬುತ್ತೇವಲ್ಲ, ಅದೂ ಇದೇ ಕೆಲಸ. ಹುಳಿಗೆ ಒಳಗಿನ ಕರೆ ಬಿಡುತ್ತದೆ, ಹೊರಗಿನ ಮಸಿ ಹೋಗುತ್ತದೆ. ಹಬ್ಬದ ಮರುವಾರ ಕಡಿಮೆ ಸೌದೆಗೆ ನೀರು ಕಾಯುವುದನ್ನು ನಮ್ಮ ತಾಯಿ ಪ್ರತಿ ವರ್ಷ ಹೇಳುತ್ತಿದ್ದರು. ಸೋಲಾರ್ ಇರುವವರೂ ಆ ದಿನವನ್ನೇ ವರ್ಷದ ಶುಚಿಗೆ ಇಟ್ಟುಕೊಳ್ಳಬಹುದು. ಮಳೆ ಮುಗಿದು ಬಿಸಿಲು ಬರುವ ಹೊತ್ತೂ ಅದೇ ಆಗಿರುತ್ತದೆ. ಗಾಜಿನ ಮೇಲಿನ ಧೂಳು ಒರೆಸುವುದನ್ನೂ ಮರೆಯಬಾರದು.

ಬೆಂಗಳೂರು ಅಪಾರ್ಟ್‌ಮೆಂಟ್‌ವಾಸಿ

ಒಂದು ಬೇರೆ ಅಭಿಪ್ರಾಯ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ನ ವಿದ್ಯುತ್ ಫಲಕಗಳಿಗೆ 78,000 ರೂಪಾಯಿ ಸಹಾಯಧನ ಸಿಗುತ್ತಿರುವಾಗ, ತಾರಸಿಯ ಜಾಗವನ್ನು ನೀರು ಕಾಯಿಸುವ ಕೊಳವೆಗಳಿಗೆ ಕೊಡುವುದಕ್ಕಿಂತ ಫಲಕ ಹಾಕಿಸಿ, ಆ ಕರೆಂಟಿನಿಂದ ಹೀಟ್ ಪಂಪ್ ನಡೆಸುವುದು ಮೇಲಲ್ಲವೇ?

ನಿವೃತ್ತ ವಿದ್ಯುತ್ ಎಂಜಿನಿಯರ್

ಹೀಟ್ ಪಂಪ್ ಗಾಳಿಯಲ್ಲಿರುವ ಶಾಖವನ್ನು ನೀರಿಗೆ ಸಾಗಿಸುವುದರಿಂದ, ನಮ್ಮ ಹವೆಯಲ್ಲಿ ಒಂದು ಯೂನಿಟ್‌ಗೆ ಸುಮಾರು ಮೂರು ಯೂನಿಟ್‌ನಷ್ಟು ಶಾಖ ಕೊಡುತ್ತದೆ ಎಂಬುದು ನಿಜ. ಹಾಸ್ಟೆಲ್, ಆಸ್ಪತ್ರೆ, ನೂರು ಮನೆಗಳ ಅಪಾರ್ಟ್‌ಮೆಂಟಿಗೆ ಅದು ಒಳ್ಳೆಯದು. ನಾಲ್ಕು ಜನರ ಮನೆಯಲ್ಲಿ ಎರಡು ಚದರ ಮೀಟರಿನ ಸಂಗ್ರಾಹಕ 100 ಲೀಟರ್ ನೀರನ್ನು ಒಂದು ಚಲಿಸುವ ಭಾಗವೂ ಇಲ್ಲದೆ ಕಾಯಿಸುತ್ತದೆ. ಬಿಸಿನೀರು ಹಗುರ, ತಣ್ಣೀರು ಭಾರ ಎಂಬಷ್ಟರಿಂದಲೇ ಅದು ಸುತ್ತುತ್ತದೆ. ಈಗಾಗಲೇ ಇರುವುದನ್ನು ಕಿತ್ತು ಬೇರೆ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ.

ಮೈಸೂರಿನವರಿಗೆ ನನ್ನ ಮುಖ್ಯ ಸಲಹೆ ಟ್ಯಾಂಕಿನೊಳಗಿನ ಕಾಯಿಲ್ ಬಗ್ಗೆ. ಮಳೆಗಾಲದಲ್ಲಿ 25 ಡಿಗ್ರಿಯ 200 ಲೀಟರ್ ನೀರನ್ನು 60 ಡಿಗ್ರಿಗೆ ಏರಿಸಲು ಅದು ಎಂಟು ಯೂನಿಟ್ ನುಂಗುತ್ತದೆ, ಒಬ್ಬರೇ ಸ್ನಾನ ಮಾಡುವುದಿದ್ದರೂ ಅಷ್ಟೇ. ಸಂಜೆಯೇ ಹಾಕಿಟ್ಟರೆ ರಾತ್ರಿಯ ನಷ್ಟವೂ ಸೇರುತ್ತದೆ. ಬೆಳಗ್ಗೆ ಹಾಕಿ ಉಳಿಸಿದರೆ, ಮೊದಲೇ ಬಿಸಿ ಇರುವ ನೀರಿಗೆ ಹಗಲಿನ ಬಿಸಿಲು ಹೆಚ್ಚೇನೂ ಸೇರಿಸಲಾಗದೆ ವ್ಯರ್ಥವಾಗುತ್ತದೆ. ನಿಮ್ಮ ಹಳೆಯ 15 ಲೀಟರಿನ ಗೀಸರುಗಳನ್ನು ಮಾರಿಲ್ಲವಾದರೆ, ಹೆಚ್ಚು ಬಳಸುವ ಬಚ್ಚಲಿನಲ್ಲಿ ಒಂದನ್ನು ಮತ್ತೆ ಕೂರಿಸಿ, ಸೋಲಾರ್ ನೀರೇ ಅದರ ಒಳಹರಿವಾಗಲಿ. ಆ ಗೀಸರು ಅಷ್ಟು ಬಿಸಿಯ ನೀರನ್ನು ಒಳಗೆ ತೆಗೆದುಕೊಳ್ಳಬಹುದೇ ಎಂಬುದನ್ನು ಅದರ ಕೈಪಿಡಿಯಲ್ಲಿ ಮೊದಲು ನೋಡಿ. ಸೋಲಾರಿನಿಂದ 36 ಡಿಗ್ರಿಯ ನೀರು ಬಂದರೂ ಅದನ್ನು 50ಕ್ಕೆ ಏರಿಸಲು ಗೀಸರಿಗೆ ಕಾಲು ಯೂನಿಟ್ ಸಾಕು, ಎಂಟು ನಿಮಿಷ ಹಿಡಿಯುತ್ತದೆ.

ಗೀಸರಿನ ಥರ್ಮೋಸ್ಟಾಟ್ ಕೊನೆಯ ಗುರುತಿನಲ್ಲಿದ್ದರೆ 50ರ ಆಸುಪಾಸಿಗೆ ಇಳಿಸಿ. ಹೇಗೂ ತಣ್ಣೀರು ಬೆರೆಸಿಯೇ ಬಳಸುವ ನೀರನ್ನು 75ಕ್ಕೆ ಕಾಯಿಸಿದರೆ ಗೋಡೆಗೆ ಹೋಗುವ ಶಾಖವೂ, ಒಳಗೆ ಕೂರುವ ಸುಣ್ಣವೂ ಹೆಚ್ಚುತ್ತವೆ. ಹಾಗೆಂದು ದೊಡ್ಡ ಟ್ಯಾಂಕಿನಲ್ಲಿ ದಿನಗಟ್ಟಲೆ ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಶ್ವಾಸಕೋಶದ ಕಾಯಿಲೆ ತರುವ ಲೀಜನೆಲ್ಲಾದಂಥ ಬ್ಯಾಕ್ಟೀರಿಯಾ ಬೆಳೆಯಬಲ್ಲವು. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಸೋಲಾರ್ ಟ್ಯಾಂಕಿನ ನೀರು 60 ಮುಟ್ಟುವಂತೆ ಕಾಯಿಲ್ ಹಾಕಿ. ಕಾಯಿಲ್‌ನ ನಿಜವಾದ ಕೆಲಸ ಅದು. ಸ್ವಿಚ್ಚಿನ ಲೈನಿನಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇದೆಯೇ ಎಂಬುದನ್ನೂ ಪರೀಕ್ಷಿಸಿಕೊಳ್ಳಿ.

ಪ್ಲಂಬಿಂಗ್ ಕಸುಬಿನವನು

ಕರೆಂಟ್ ಉಳಿಸಲು ಗ್ಯಾಸ್ ಗೀಸರ್ ಹಾಕಿಸುತ್ತೇವೆ ಎನ್ನುವವರು ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಅದನ್ನು ಬಚ್ಚಲೊಳಗೆ ಕೂರಿಸಬೇಡಿ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಆಮ್ಲಜನಕ ತಿಂದು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಆ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ತಲೆ ಸುತ್ತಿತೆಂದು ಗೊತ್ತಾಗುವಷ್ಟರಲ್ಲಿ ಬಾಗಿಲ ಚಿಲಕ ತೆಗೆಯಲು ಕೈಯಲ್ಲಿ ಬಲವಿರುವುದಿಲ್ಲ. ಗೀಸರ್ ಹೊರಗೋಡೆಯ ಮೇಲೆ, ತೆರೆದ ಗಾಳಿಯಲ್ಲಿರಲಿ, ಒಳಗೆ ಬಿಸಿನೀರಿನ ಪೈಪು ಮಾತ್ರ ಬರಲಿ. ಹಾಗೆ ಹೊರಗೆ ಕೂರಿಸಲು ಆಗದಿದ್ದರೆ ತಣ್ಣೀರು ಸ್ನಾನವೇ ವಾಸಿ.

ಮೈಸೂರು ಗೃಹಸ್ಥ

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಎರಡು ನಾನ್-ರಿಟರ್ನ್ ವಾಲ್ವ್‌ಗಳನ್ನು ಹಾಕಿಸಿದೆ. ತಾರಸಿಯ ಪೈಪಿಗೆ ಫೋಮ್ ಸುತ್ತಿಸಿದೆ. ಮಹಡಿಯ ಬಚ್ಚಲಿನ ಮಿಕ್ಸರಿನ ಪಕ್ಕದಲ್ಲಿ ‘ಗೋಡೆಯ ಹಿಡಿ ಮುಚ್ಚಿ’ ಎಂದು ಮಗಳು ಬರೆದು ಅಂಟಿಸಿದ್ದಾಳೆ, ಏಕೆಂದರೆ ಗುಂಡಿ ಒತ್ತಿ ಬರುತ್ತಿದ್ದವಳು ಅವಳೇ. ಗಾಳಿಕೊಳವೆಯ ಬುಡದ ಪಾಚಿ ಒಣಗಿ ಕಂದಾಗಿದೆ. ಕಾಯಿಲ್ ಸ್ವಿಚ್ಚಿಗೆ ನಾಲ್ಕೂವರೆಗೆ ಏಳುವುದು ತಪ್ಪಿದೆ. ಬೆಳಗ್ಗೆ ಆರಕ್ಕೆ ಟ್ಯಾಂಕಿನಲ್ಲಿ 52, 53 ಡಿಗ್ರಿ ಇರುತ್ತದೆ, ಕೆಳಗಿನ ಬಚ್ಚಲಿನಲ್ಲಿ ತಣ್ಣೀರು ಬೆರೆಸಿಕೊಳ್ಳಬೇಕಾಗುತ್ತದೆ. ಫೆಬ್ರುವರಿ ಬಿಲ್ಲಿನಲ್ಲಿ 68 ಯೂನಿಟ್ ಬಂದಿದೆ.

ಜೂನ್ ಬರುವ ಮೊದಲು ಒಂದು ಹಳೆಯ ಗೀಸರನ್ನು ಸೋಲಾರ್ ಲೈನಿಗೆ ಜೋಡಿಸಬೇಕೆಂದಿದ್ದೇನೆ. ಅದರ ಮೆಗ್ನೀಷಿಯಂ ದಂಡ ತೆಗೆಸಿ ನೋಡಿದೆ. ಮಧ್ಯದ ತಂತಿ ಮಾತ್ರ ಉಳಿದಿತ್ತು. ಹೊಸದಕ್ಕೆ ಹೇಳಿದ್ದೇನೆ.